ಎಲೆಯ ಮೇಲಿನ ಕಂದು ಚುಕ್ಕೆ: ರೋಗವಲ್ಲದ ಚುಕ್ಕೆಗೆ ಏನನ್ನೋಣ?

ಗೆಳೆಯರೇ, ನಮಸ್ಕಾರ.

ಕೆಲವು ಪದಗಳ ಬಗ್ಗೆ ನಿಮ್ಮ ಸಹಾಯ ಬೇಕು. ವಿಷಯ ಗಾಂಜಾ ಗಿಡದ್ದು, ಹಾಗಾಗಿ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನಿರುವುದು ಕೆನಡಾದ ಒಂಟಾರಿಯೊದಲ್ಲಿ. 2018ರ ಅಕ್ಟೋಬರ್ 17ರಿಂದ ಇಲ್ಲಿ ವಯಸ್ಕರು ಒಂದು ಮನೆಗೆ ನಾಲ್ಕು ಗಿಡದವರೆಗೆ ಬೆಳೆಸಬಹುದು. ಪಕ್ಕದ ಕ್ವಿಬೆಕ್‌ನಲ್ಲಿ ಅದೂ ಇಲ್ಲ. ಆ ನಿಷೇಧವನ್ನು ಕೆನಡಾದ ಸುಪ್ರೀಂ ಕೋರ್ಟ್ 2023ರಲ್ಲಿ ಎತ್ತಿಹಿಡಿಯಿತು. ಭಾರತದಲ್ಲಂತೂ 1985ರ ಮಾದಕ ವಸ್ತು ಕಾಯ್ದೆಯ ಪ್ರಕಾರ ಇದು ಅಪರಾಧ. ಊರಿನಲ್ಲಿರುವವರು ಇದನ್ನು ಬೆಳೆಯುವ ಪಾಠ ಅಂತ ಓದಬೇಡಿ, ಪದಗಳ ಚರ್ಚೆ ಅಂತ ಓದಿ.

ಇಲ್ಲಿ ಚಳಿ ಜಾಸ್ತಿ. ಮನೆಯೊಳಗೇ ಒಂದು ಟೆಂಟ್ ಕಟ್ಟಿ, ಎಲ್‌ಇಡಿ ದೀಪದ ಕೆಳಗೆ ಗಿಡ ಇಡುತ್ತೇವೆ. ದಿನಕ್ಕೆ 12 ಗಂಟೆ ಬೆಳಕು, 12 ಗಂಟೆ ಕತ್ತಲು ಕೊಟ್ಟರೆ ಗಿಡ ಹೂವಿಗೆ ತಿರುಗುತ್ತದೆ. ಹೂ ಬಲಿಯಲು ಎಂಟು ಹತ್ತು ವಾರ ಬೇಕು. ಈ ಹೊತ್ತಿನಲ್ಲೇ ಎಲೆಯ ಮೇಲೆ ಕಂದು ಚುಕ್ಕೆ ಕಾಣಿಸಿಕೊಳ್ಳುವುದು. ಪರಿಚಯದ ಕನ್ನಡದವರಿಗಾಗಿ ಈ ಚುಕ್ಕೆಗಳನ್ನು ಗುರುತಿಸುವ ಬಗ್ಗೆ ಒಂದು ಟಿಪ್ಪಣಿ ಬರೆಯಲು ಕೂತೆ. ಪದಗಳಲ್ಲೇ ಸಿಕ್ಕಿಹಾಕಿಕೊಂಡೆ.

ತೊಡಕು ಏನೆಂದರೆ, ನಮ್ಮಲ್ಲಿ ಎಲೆಯ ಮೇಲಿನ ಚುಕ್ಕೆಗೆ ಕೂಡಲೇ ‘ರೋಗ’ ಅಂಟಿಕೊಳ್ಳುತ್ತದೆ. ಅಡಿಕೆಯ ಎಲೆಚುಕ್ಕೆ ರೋಗ ಮಲೆನಾಡನ್ನು ಕಂಗೆಡಿಸಿದ ಮೇಲೆ ಈ ಹೆಸರು ಎಲ್ಲರ ಬಾಯಲ್ಲೂ ಇದೆ. ಕೊಪ್ಪದ ಕಡೆ ತೋಟ ಮಾಡುವ ನಮ್ಮ ಭಾವನಿಗೆ ಎಲೆಯ ಫೋಟೊ ಕಳಿಸಿದ್ದೆ. ನೋಡಿದ ತಕ್ಷಣ ಅವರು ಹೇಳಿದ್ದು, ‘ಇದು ಎಲೆಚುಕ್ಕೆನೇ ಭಾವ, ಬೋರ್ಡೋ ಹೊಡಿ.’ (ಬೋರ್ಡೋ ಅಂದರೆ ಮೈಲುತುತ್ತ, ಸುಣ್ಣದ ದ್ರಾವಣ.) ಮರುಕ್ಷಣವೇ ಕೇಳಿದರು, ‘ಕೆಳಗಿನ ಹಣ್ಣೆಲೆಗೆ ಬಂದಿದ್ದಾ, ಕುಡಿಗಾ?’

ಆ ಎರಡನೆಯ ಪ್ರಶ್ನೆ ಇದೆಯಲ್ಲ, ಅದೇ ನಿಜವಾದ ಪರೀಕ್ಷೆ. ಮೆಗ್ನೀಷಿಯಂ, ಪೊಟ್ಯಾಷ್, ರಂಜಕ, ಸಾರಜನಕ ಇವೆಲ್ಲ ಗಿಡದೊಳಗೆ ಸರಿದಾಡುತ್ತವೆ. ಕೊರತೆಯಾದರೆ ಗಿಡ ಹಳೆ ಎಲೆಯಿಂದ ಕಿತ್ತು ಹೊಸ ಎಲೆಗೆ ಕೊಡುತ್ತದೆ. ಹಾಗಾಗಿ ಮೊದಲು ಸೊರಗುವುದು ಕೆಳಗಿನ ಎಲೆ. ಕ್ಯಾಲ್ಸಿಯಂ ಹಾಗಲ್ಲ. ಒಮ್ಮೆ ಎಲೆಯಲ್ಲಿ ಕೂತರೆ ಅಲ್ಲೇ ಕೂತಿತು. ಅದರ ಕೊರತೆ ಮೊದಲು ತೋರುವುದು ಎಳೆಯ ಎಲೆಗಳಲ್ಲಿ. ಈ ಪೋಷಕಾಂಶಗಳಿಗೆ ‘ಚಲನಶೀಲ’, ‘ಅಚಲ’ ಎಂದು ಪುಸ್ತಕದಲ್ಲಿ ಬರೆಯುತ್ತಾರೆ. ನಾನು ‘ಸರಿದಾಡುವ’, ‘ಸರಿಯದ’ ಎಂದು ಬರೆದಿದ್ದೇನೆ. ಹಣ್ಣೆಲೆ, ಬಲಿತ ಎಲೆ, ಎಳೆ ಎಲೆ, ಕುಡಿ ಅನ್ನುವ ನಾಲ್ಕು ಪದ ನಮ್ಮಲ್ಲಿ ಇರುವುದರಿಂದ ಚುಕ್ಕೆ ಎಲ್ಲಿ ಬಂತು ಅನ್ನುವುದನ್ನು ಎಷ್ಟು ಸಲೀಸಾಗಿ ಹೇಳಬಹುದು ನೋಡಿ. ಇಲ್ಲಿ ನನಗೆ ಹೊಸ ಪದ ಬೇಕಿಲ್ಲ.

ಬೇಕಿರುವುದು ಚುಕ್ಕೆಗೇ. ನೋವುಂಟುಮಾಡುವ ಸಂಗತಿ ಏನೆಂದರೆ, ಮನೆಯೊಳಗಿನ ಗಿಡದಲ್ಲಿ ಕಾಣುವ ಕಂದು ಚುಕ್ಕೆಗಳಲ್ಲಿ ಬಹಳಷ್ಟು ರೋಗವೇ ಅಲ್ಲ. ಹೂವಿನ ಹಂತಕ್ಕೆಂದು ಮಾರುವ ಗೊಬ್ಬರದಲ್ಲಿ ರಂಜಕ, ಪೊಟ್ಯಾಷ್ ಜಾಸ್ತಿ. ಪೊಟ್ಯಾಷ್ ಮಿತಿಮೀರಿದರೆ ಬೇರು ಕ್ಯಾಲ್ಸಿಯಂ, ಮೆಗ್ನೀಷಿಯಂ ಹೀರುವುದು ಕಡಿಮೆಯಾಗುತ್ತದೆ. ಫಿಲ್ಟರ್ ಮಾಡಿದ ಆರ್‌ಒ ನೀರು ಹಾಕುವವರಿಗೆ ಇನ್ನೂ ತೊಂದರೆ, ಆ ನೀರಿನಲ್ಲಿ ಇವೆರಡೂ ಇರುವುದಿಲ್ಲ. ಮಣ್ಣಿನ ರಸಸಾರ (ಪಿಎಚ್) 6ಕ್ಕಿಂತ ಕೆಳಗೆ ಜಾರಿದರೆ ಕುಂಡದಲ್ಲಿ ಗೊಬ್ಬರ ಇದ್ದರೂ ಗಿಡಕ್ಕೆ ಸಿಗುವುದಿಲ್ಲ. ತೆಂಗಿನ ನಾರಿನ ಪುಡಿಯಲ್ಲಿ ಬೆಳೆಸಿದರೆ ಲೆಕ್ಕ ಬೇರೆ, ಅಲ್ಲಿ 5.5ರಿಂದ 6.2ರ ನಡುವೆ ಇರಬೇಕು. ಹೀಗೆ ‘ಇದ್ದೂ ಸಿಗದ’ ಸ್ಥಿತಿಗೆ ಇಲ್ಲಿನ ಬೆಳೆಗಾರರು ಬೀಗ ಬಿದ್ದಿದೆ ಅನ್ನುವ ಅರ್ಥದ ಮಾತು ಬಳಸುತ್ತಾರೆ. ಕನ್ನಡದಲ್ಲಿ ‘ಬೇರು ಕಟ್ಟಿದೆ’ ಅಂದರೆ ಬೇರೆ ಅರ್ಥ ಬರುತ್ತದೆ. ಸುಮ್ನೆ ‘ಇದ್ದೂ ಸಿಗದ ಕೊರತೆ’ ಅಂದರೆ ಸಾಕಲ್ವಾ?

ಇಂಥ ಚುಕ್ಕೆಗೆ ‘ಎಲೆಚುಕ್ಕೆ ರೋಗ’ ಅಂದುಬಿಟ್ಟರೆ ಓದುಗರು ಮುಂದೆ ಮಾಡುವುದು ಒಂದೇ, ಔಷಧಿ ಹೊಡೆಯುವುದು. ಹೂ ಬಿಟ್ಟ ಗಾಂಜಾಕ್ಕೆ ಔಷಧಿ ಹೊಡೆಯುವುದು ನಿಜಕ್ಕೂ ಅಪಾಯ. ಈ ಹೂವನ್ನು ತೊಳೆಯುವುದಿಲ್ಲ. ಎಷ್ಟೋ ಜನ ಸುಟ್ಟು ಹೊಗೆ ಎಳೆಯುತ್ತಾರೆ. ದ್ರಾಕ್ಷಿಯ ಬೂದಿ ರೋಗಕ್ಕೆ ಬಳಸುವ ಮೈಕ್ಲೋಬ್ಯುಟಾನಿಲ್ ಸುಟ್ಟಾಗ ಹೈಡ್ರೋಜನ್ ಸಯನೈಡ್ ಎಂಬ ವಿಷಾನಿಲ ಬಿಡುಗಡೆಯಾಗುತ್ತದೆ. ಗಾಂಜಾ ಮೇಲೆ ಅದನ್ನು ಬಳಸಲು ಕೆನಡಾದಲ್ಲಿ ಅನುಮತಿ ಇಲ್ಲ. ಆದರೂ 2016–17ರಲ್ಲಿ ಪರವಾನಗಿ ಇದ್ದ ಬೆಳೆಗಾರರ ಮಾಲಿನಲ್ಲೇ ಅದು ಸಿಕ್ಕಿ, ಮಾಲನ್ನು ವಾಪಸ್ ತರಿಸಬೇಕಾಯಿತು. ಹಾಗಾಗಿ ‘ರೋಗ’ ಅನ್ನುವ ಪದವನ್ನು ಬೇಕಾದಲ್ಲಿ ಮಾತ್ರ ಬಳಸಬೇಕು ಎಂದು ನಾನು ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಇದು ಗಾಂಜಾದ ಕಥೆ ಮಾತ್ರ ಅಲ್ಲ. ಭತ್ತದ ಖೈರಾ ರೋಗವನ್ನೇ ನೋಡಿ. ಎಲೆಯ ಮೇಲೆ ತುಕ್ಕಿನ ಬಣ್ಣದ ಮಚ್ಚೆ ಬರುತ್ತದೆ. ಅದು ಸತುವಿನ ಕೊರತೆ ಎಂದು ಪಂತನಗರದ ಕೃಷಿ ವಿಶ್ವವಿದ್ಯಾಲಯದಲ್ಲಿ ವಿಜ್ಞಾನಿ ವೈ. ಎಲ್. ನೆನೆ 1966ರಲ್ಲಿ ತೋರಿಸಿದರು. ಸತುವಿನ ಸಲ್ಫೇಟ್ ಕೊಟ್ಟರೆ ಸರಿಹೋಗುತ್ತದೆ. ಹೆಸರಿನಲ್ಲಿ ‘ರೋಗ’ ಮಾತ್ರ ಇಂದಿಗೂ ಉಳಿದಿದೆ. ಟೊಮೆಟೊ ಕಾಯಿಯ ತಳ ಕಪ್ಪಾಗುವುದಕ್ಕೂ ‘ಕೊಳೆ’ ಅನ್ನುತ್ತಾರೆ. ಅದರ ಮೂಲ ಕ್ಯಾಲ್ಸಿಯಂ ಸಾಲದೆ ಇರುವುದು. ಆದರೆ ಹತ್ತಿಯಲ್ಲಿ ಮೆಗ್ನೀಷಿಯಂ ಕಡಿಮೆಯಾದಾಗ ‘ಎಲೆ ಕೆಂಪಾಗುವುದು’ ಎಂದು ಕಂಡದ್ದನ್ನು ಕಂಡಂತೆ ಹೇಳುತ್ತಾರೆ. ಈ ದಾರಿ ನನಗೆ ಬಹಳ ಇಷ್ಟ.

ಅದೇ ದಾರಿಯಲ್ಲಿ ನಾನು ಬರೆದುಕೊಂಡದ್ದು ಹೀಗಿದೆ. ಕೆಳಗಿನ ಎಲೆಯಲ್ಲಿ ನರ ಹಸಿರಾಗಿದ್ದು ನರಗಳ ನಡುವೆ ಹಳದಿಯಾಗಿ, ಆಮೇಲೆ ಕಂದು ಕಲೆ ಬಿದ್ದರೆ ಮೆಗ್ನೀಷಿಯಂ ಕೊರತೆ. ಅಂಚು ಸುಟ್ಟು ಕಂದಾಗಿ ಒಳಗೆ ಸರಿಯುತ್ತಾ ಬಂದರೆ ಪೊಟ್ಯಾಷ್. ಎಳೆ ಎಲೆಯಲ್ಲಿ ಅಡ್ಡಾದಿಡ್ಡಿ ಕಂದು ಚುಕ್ಕೆ ಬಂದು ಎಲೆ ಸೊಟ್ಟಗಾದರೆ ಕ್ಯಾಲ್ಸಿಯಂ. ಎಲ್ಲ ಎಲೆಯ ತುದಿ ಮಾತ್ರ ಸುಟ್ಟಿದ್ದರೆ ಗೊಬ್ಬರ ಜಾಸ್ತಿಯಾಗಿದೆ. ದೀಪಕ್ಕೆ ಹತ್ತಿರದ ಎಲೆ ಮಾತ್ರ ಬಿಳಿಚಿ ಸುಟ್ಟರೆ ಅದು ಬೆಳಕಿನ ಸುಡು.

ಇವಕ್ಕೆಲ್ಲ ‘ಕೊರತೆ ಕಲೆ’, ‘ಸುಟ್ಟ ಕಲೆ’ ಎಂದು ‘ಕಲೆ’ ಇಟ್ಟು, ಶಿಲೀಂಧ್ರ ಅಥವಾ ದುಂಡಾಣುವಿನಿಂದ ಬಂದದ್ದಕ್ಕೆ ಮಾತ್ರ ‘ಚುಕ್ಕೆ ರೋಗ’ ಇಟ್ಟುಕೊಂಡರೆ ಹೇಗೆ? ಇದು ನನ್ನ ಮೊದಲ ಪ್ರಶ್ನೆ.

ರೋಗದ ಚುಕ್ಕೆಗೂ ಒಂದು ಗುರುತು ಇರುತ್ತದೆ. ಸೆಪ್ಟೋರಿಯಾ ಶಿಲೀಂಧ್ರ ತಗುಲಿದರೆ ಕೆಳಗಿನ ಎಲೆಯಲ್ಲಿ ದುಂಡನೆಯ ಕಂದು ಚುಕ್ಕೆ, ಸುತ್ತ ಹಳದಿ ಉಂಗುರ, ಹತ್ತಿರದಿಂದ ನೋಡಿದರೆ ನಡುವೆ ಸಣ್ಣ ಕರಿ ಕಾಳುಗಳು. ಇದು ನೀರಿನ ಹನಿ ಚಿಮ್ಮಿ ಹರಡುತ್ತದೆ, ಹಾಗಾಗಿ ಹೊರಗೆ ಬೆಳೆದ ಗಿಡಕ್ಕೇ ಹೆಚ್ಚು. ಆಲ್ಟರ್ನೇರಿಯಾ ಆದರೆ ಉಂಗುರದೊಳಗೆ ಉಂಗುರ. ದುಂಡಾಣುವಿನ ಚುಕ್ಕೆ ಮೊದಲು ನೀರು ಕುಡಿದಂತೆ ಕಂಡು, ನರಗಳ ನಡುವೆ ಮೂಲೆಮೂಲೆಯಾಗಿ ನಿಲ್ಲುತ್ತದೆ. ಥ್ರಿಪ್ಸ್ ನುಸಿ ಕೆರೆದದ್ದಾದರೆ ಬೆಳ್ಳಗೆ ಹೊಳೆಯುವ ಗೀರು, ಪಕ್ಕದಲ್ಲಿ ಕರಿ ಹಿಕ್ಕೆ. ಆ ‘ನೀರು ಕುಡಿದಂತೆ’ ಅನ್ನುವುದಕ್ಕೆ ದಾಳಿಂಬೆ ಬೆಳೆಯುವವರು ಏನನ್ನುತ್ತಾರೆ? ದುಂಡಾಣು ಅಂಗಮಾರಿಯನ್ನು ದಿನಾ ನೋಡುವ ಅವರ ಬಾಯಲ್ಲಿ ಇನ್ನೂ ಒಳ್ಳೆಯ ಮಾತು ಇರಬೇಕು.

ಇನ್ನು ಕೆಲವು ಪದಗಳು ದಾರಿ ತಪ್ಪಿಸುತ್ತವೆ. ಇಂಗ್ಲಿಷ್ ಬರಹಗಳಲ್ಲಿ ಕ್ಯಾಲ್ಸಿಯಂ ಕೊರತೆಗೆ ತುಕ್ಕಿನ ಬಣ್ಣದ ಚುಕ್ಕೆ ಎಂದಿರುತ್ತದೆ. ಅದನ್ನು ‘ತುಕ್ಕು ಚುಕ್ಕೆ’ ಅಂದರೆ ಕಾಫಿ ಬೆಳೆಗಾರರಿಗೆ ಎಲೆ ತುಕ್ಕು ರೋಗವೇ ನೆನಪಾಗುತ್ತದೆ. ಅದು ಶಿಲೀಂಧ್ರದ ರೋಗ. ಕೈಯಾಡಿಸಿದರೆ ಕಿತ್ತಳೆ ಬಣ್ಣದ ಪುಡಿ ಅಂಟುತ್ತದೆ. ಆದ್ದರಿಂದ ಬಣ್ಣಕ್ಕೆ ‘ಕಂದು’ ಅಥವಾ ‘ಕಾಚಿನ ಬಣ್ಣ’ ಅಂದರೆ ಸಾಕು.

ಎಲ್ಲಕ್ಕಿಂತ ತಲೆಬಿಸಿ ಮಾಡಿದ್ದು ಬೂದಿ ಮತ್ತು ಬೂದು. ‘ಬೂದಿ ರೋಗ’ ಅಂದರೆ ಎಲೆಯ ಮೇಲೆ ಬಿಳಿ ಪುಡಿ ಹರಡುವ ರೋಗ. ಬಾಟ್ರೈಟಿಸ್ ಶಿಲೀಂಧ್ರ ಹೂವಿನೊಳಗಿಂದ ಕೊಳೆಸಿ ಬೂದು ಬಣ್ಣದ ಬೂಷ್ಟು ಬೆಳೆಸುತ್ತದೆ. ಎರಡೂ ಹೂವಿನ ಹಂತದಲ್ಲಿ ಬರಬಹುದು. ಮೊದಲನೆಯದು ಎಲೆಯ ಮೇಲೆ ಕಣ್ಣಿಗೆ ಕಾಣುತ್ತದೆ. ಎರಡನೆಯದು ಒಳಗೇ ಇರುತ್ತದೆ. ಹೂವಿನ ಸಂದಿನ ಒಂದು ಪುಟ್ಟ ಎಲೆ ಇದ್ದಕ್ಕಿದ್ದಂತೆ ಕಂದಾಗಿ, ಎಳೆದರೆ ಸಲೀಸಾಗಿ ಕಿತ್ತು ಬರುತ್ತದೆ. ಅದೇ ಮೊದಲ ಸೂಚನೆ. ಆ ಹೂವನ್ನು ಕೂಡಲೇ ಕತ್ತರಿಸಿ ಎಸೆಯಬೇಕು, ಟೆಂಟ್‌ನ ತೇವ ಇಳಿಸಬೇಕು. ಇಷ್ಟು ಮುಖ್ಯವಾದ ಎರಡು ಸಂಗತಿಗೆ ಒಂದು ಇಕಾರ ಉಕಾರದ ವ್ಯತ್ಯಾಸ ಮಾತ್ರ ಇದ್ದರೆ ಸಾಲದು. ಎರಡನೆಯದಕ್ಕೆ ‘ಹೂ ಕೊಳೆ’ ಎಂದು ಬರೆದಿದ್ದೇನೆ. ‘ಸುಳಿ ಕೊಳೆ’ ಅಂತ ಸೂಚಿಸಿದವರೂ ಇದ್ದಾರೆ. ಆದರೆ ಅದು ತೆಂಗಿನ ರೋಗದ ಹೆಸರು. ಸುಳಿ ಅಂದರೆ ಬೆಳೆಯುವ ತುದಿ, ಹೂವಲ್ಲ. ‘ಮೊಗ್ಗು ಕೊಳೆ’ಯೂ ಒಪ್ಪುವುದಿಲ್ಲ. ಗಾಂಜಾದ ಆ ಗೊಂಚಲು ಅರಳದ ಮೊಗ್ಗಲ್ಲ, ಒತ್ತೊತ್ತಾಗಿ ಕೂತ ಹೂಗಳೇ. ‘ಹೂಗೊನೆ’ ಅನ್ನಬಹುದೇ? ಜೋಳದ ನಾಡಿನವರು ‘ತೆನೆ’ ಅನ್ನಲು ಒಪ್ಪುವಿರಾ?

ಕೊನೆಯ ವಾರಗಳಲ್ಲಿ ಕೆಳಗಿನ ದೊಡ್ಡ ಎಲೆಗಳು ತಾವಾಗಿಯೇ ಹಳದಿಯಾಗಿ, ಅಲ್ಲಲ್ಲಿ ಕಂದಾಗಿ ಉದುರುತ್ತವೆ. ಅದು ಕೊರತೆಯೂ ಅಲ್ಲ, ರೋಗವೂ ಅಲ್ಲ. ಇದಕ್ಕೆ ‘ಎಲೆ ಹಣ್ಣಾಗುವುದು’ ಅನ್ನುವುದಕ್ಕಿಂತ ಒಳ್ಳೆಯ ಮಾತು ಇಲ್ಲ. ನಿಘಂಟುಗಳು ಇದಕ್ಕೆ ‘ಜೀರ್ಣತೆ’ಯಂಥ ಪದ ಕೊಟ್ಟರೂ ನಾನು ಬಳಸಲಾರೆ.

ಟಿಪ್ಪಣಿಯಲ್ಲಿ ಇನ್ನೊಂದು ಮಾತು ಸೇರಿಸಬೇಕು. ಕಂದಾದ ಜಾಗ ಮತ್ತೆ ಹಸಿರಾಗುವುದಿಲ್ಲ. ರಸಸಾರ ಸರಿಮಾಡಿ, ಗೊಬ್ಬರ ತಿದ್ದಿದ ಮೇಲೂ ಹಳೆ ಕಲೆ ಹಾಗೇ ಇರುತ್ತದೆ. ನೋಡಬೇಕಾದ್ದು ಹೊಸ ಎಲೆಗೆ ಹೊಸ ಕಲೆ ಬಂತೇ ಅಂತ. ಕಲೆ ‘ಹಬ್ಬುತ್ತಿದೆ’, ‘ನಿಂತಿದೆ’ ಎಂದು ಎರಡೇ ಕ್ರಿಯಾಪದದಲ್ಲಿ ಇದನ್ನು ಬರೆದಿದ್ದೇನೆ. ‘ವಾಸಿಯಾಯಿತು’ ಎಂದು ಎಲ್ಲೂ ಬರೆದಿಲ್ಲ.

ಗಿಡದ ಹೆಸರಿನ ಬಗ್ಗೆಯೂ ಒಂದು ಸಂಶಯ. ಹಳಬರ ಮಾತಿನಲ್ಲಿ ‘ಭಂಗಿ ಸೊಪ್ಪು’ ಇದೆ, ಆದರೆ ಅದು ಸೊಪ್ಪಿಗೆ ಹೇಳುವ ಮಾತು. ‘ಗಾಂಜಾ’ ಅಂದರೆ ಹೂವೂ ಹೌದು, ಗಿಡವೂ ಹೌದು. ಇಲ್ಲಿ ನಾರಿಗೂ ಕಾಳಿಗೂ ಬೆಳೆಯುವ, ಅಮಲಿಲ್ಲದ ತಳಿಗೆ ಕೆಲವರು ‘ಸೆಣಬು’ ಅನ್ನುತ್ತಾರೆ. ಅದು ಬೇಡ ಅನ್ನಿಸುತ್ತದೆ. ಹಸಿರೆಲೆ ಗೊಬ್ಬರಕ್ಕೆ ಬಿತ್ತುವ ನಮ್ಮ ಅಪ್ಸೆಣಬು ಬೇರೆಯೇ ಗಿಡ, ದ್ವಿದಳ ಧಾನ್ಯಗಳ ಕುಟುಂಬದ್ದು. ನಾನು ‘ನಾರಿನ ಗಾಂಜಾ’ ಎಂದು ಬರೆಯುತ್ತಿದ್ದೇನೆ.

ವಿಜಯಪುರದ ದ್ರಾಕ್ಷಿಯವರು, ರಾಯಚೂರಿನ ಹತ್ತಿಯವರು, ಪಾಲಿಹೌಸ್‌ನಲ್ಲಿ ಹೂ ಬೆಳೆಯುವವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಬರೆಯಿರಿ. ಗೊಬ್ಬರ ಸಾಲದೆ ಬಂದ ಕಲೆಗೂ ರೋಗದ ಚುಕ್ಕೆಗೂ ನಿಮ್ಮ ಮನೆಯಲ್ಲಿ, ಹೊಲದಲ್ಲಿ ಬೇರೆ ಬೇರೆ ಹೆಸರು ಇದೆಯೇ? ಇದ್ದರೆ ನಾನು ಕಟ್ಟಿದ ಪದ ಬಿಟ್ಟು ಅದನ್ನೇ ಹಾಕುತ್ತೇನೆ. ಯಾವ ಊರಿನ ಮಾತು, ಯಾವ ಬೆಳೆಗೆ ಬಳಸುತ್ತೀರಿ ಅನ್ನುವುದನ್ನೂ ಜೊತೆಗೆ ತಿಳಿಸಿ.

ವಂದನೆಗಳು.