ಸಹಾಯ ಬೇಕು: ಮಾಗಡಿ ಕಡೆ ಮಕ್ಕಳ ತಂಡಕ್ಕೆ ಒಂದು ರಾತ್ರಿ ತಂಗಲು ಜಾಗ, ಒಬ್ಬ ಮೇಲ್ವಿಚಾರಕರು

ಎಲ್ಲರಿಗೂ ನಮಸ್ಕಾರ. ಚಾರಣ, ಸೇವೆಯಂಥ ಚಟುವಟಿಕೆ ಮಾಡಿ ಯುವಜನರು ಪಡೆಯೋ ಡ್ಯೂಕ್ ಆಫ್ ಎಡಿನ್‌ಬರೊ ಇಂಟರ್‌ನ್ಯಾಷನಲ್ ಅವಾರ್ಡ್‌ನ ಕಂಚಿನ (ಮೊದಲ) ಹಂತಕ್ಕೆ 14 ತುಂಬಿದ ಏಳು ಮಕ್ಕಳ ತಂಡ ತಯಾರಾಗ್ತಿದೆ. ಅಭ್ಯಾಸ ನಡಿಗೆ ಎರಡು ಹಗಲು, ಒಂದು ರಾತ್ರಿ. ದಿನಕ್ಕೆ ಕನಿಷ್ಠ 6 ಗಂಟೆ ಚಟುವಟಿಕೆ ಇರಲೇಬೇಕು.

ಬೇಕಿರೋದು ತೋಟವೋ ಶಾಲೆ ಆವರಣವೋ: ಎರಡು ಟೆಂಟ್ ಹಾಕುವಷ್ಟು ಜಾಗ, ಬೋರ್‌ವೆಲ್ ನೀರು, ಶೌಚಾಲಯ. ಅಡುಗೆ ಮಕ್ಕಳೇ ಮಾಡ್ಕೋತಾರೆ. ದಯವಿಟ್ಟು ಊಟ ಕೊಡ್ತೀವಿ ಅನ್ನಬೇಡಿ, ಅಲ್ಲಿಗೆ ಅರ್ಧ ಕಲಿಕೆ ಮುಗಿದಂತೆ!

ಮೇಲ್ವಿಚಾರಕರಿಗೆ ಪ್ರಥಮ ಚಿಕಿತ್ಸೆ ಗೊತ್ತಿರಬೇಕು. ಮಕ್ಕಳು ದಾರಿ ತಪ್ಪಿದರೂ ತಕ್ಷಣ ಬಾಯಿಬಿಡದೆ, ನಕ್ಷೆ ನೋಡಿ ಅವರೇ ಸರಿಮಾಡಿಕೊಳ್ಳೋವರೆಗೆ ತಾಳ್ಮೆ ಇರಬೇಕು. ಅಪಾಯ ಕಂಡರೆ ಮಾತ್ರ ನಡುವೆ ಬರೋದು. ಸಾಮಾನ್ಯವಾಗಿ ಕೆಡೋದು ಎರಡು ಕಡೆ. ಬ್ಯಾಗ್ ದೇಹದ ತೂಕದ ಕಾಲು ಭಾಗ ದಾಟಿದರೆ ಮಧ್ಯಾಹ್ನದ ಹೊತ್ತಿಗೆ ಹೆಗಲು ಕೈಕೊಡುತ್ತೆ. ಹೊಸ ಶೂ ಹಾಕಿದವರ ಹಿಮ್ಮಡಿ ಉರಿ ಶುರುವಾದ ತಕ್ಷಣ ಕೂರಿಸಿ, ಕಾಲು ಒಣಗಿಸಿ, ಟೇಪ್ ಅಂಟಿಸಬೇಕು. ‘ಇನ್ನೇನು ಬಂತು’ ಅಂತ ನಡೆಸಿದರೆ ನೀರುಗುಳ್ಳೆ ಗ್ಯಾರಂಟಿ.

ಇನ್ನೊಂದು: ಇದೇ ಅವಾರ್ಡ್‌ನ ಸೇವಾ ವಿಭಾಗಕ್ಕೆ ವಾರಕ್ಕೊಂದು ಗಂಟೆಯಂತೆ ಕನಿಷ್ಠ 3 ತಿಂಗಳ ಕೆಲಸ ಬೇಕು. ಒಂದೇ ಭಾನುವಾರ ಗಿಡ ನೆಟ್ಟು ಫೋಟೊ ತೆಗೆಸಿಕೊಂಡರೆ ಲೆಕ್ಕಕ್ಕಿಲ್ಲ, ಸಂಬಳದ ಕೆಲಸವೂ ಆಗಲ್ಲ. ವೃದ್ಧಾಶ್ರಮ, ಗ್ರಂಥಾಲಯ, ಅಂಧ ವಿದ್ಯಾರ್ಥಿಗಳಿಗೆ ಪಾಠ ಓದಿಹೇಳೋದು, ಇಂಥ ಕಡೆ ಪರಿಚಯ ಇದ್ದವರು ಮೆಸೇಜ್ ಮಾಡಿ. ಪೋಷಕರ ಒಪ್ಪಿಗೆ ಪತ್ರ ನಾವೇ ತರ್ತೀವಿ.