ಫೋಟೊದಲ್ಲಿ ಕಂಡ ಹಾವು ಕಾಲ ಬಳಿ ಯಾಕೆ ಕಾಣಲಿಲ್ಲ?

ಪ್ರಶ್ನೆ: ನಾವಿರುವುದು ಅರಿಜೋನಾದ ಫೀನಿಕ್ಸ್‌ನಲ್ಲಿ. ಹಾಸನದಿಂದ ಅಪ್ಪ ಬಂದಿದ್ದಾರೆ. ಶನಿವಾರ ಬೆಳಗ್ಗೆ ಸೌತ್ ಮೌಂಟನ್ ಪಾರ್ಕಿಗೆ ಕರೆದುಕೊಂಡು ಹೋಗಿದ್ದೆ. ಒಂದು ಬಂಡೆಯ ಪಕ್ಕ ನಿಲ್ಲಿಸಿ ಫೋಟೊ ತೆಗೆದೆ. ಮನೆಗೆ ಬಂದು ದೊಡ್ಡದು ಮಾಡಿ ನೋಡಿದರೆ, ಅವರ ಶೂನಿಂದ ಮೂರು ಅಡಿ ದೂರದಲ್ಲಿ ಹಾವು ಸುರುಳಿ ಸುತ್ತಿ ಕೂತಿದೆ! ಬಾಲದಲ್ಲಿ ಗಿಲಕಿಯೂ ಇದೆ. ಒಂದು ಸದ್ದೂ ಮಾಡಲಿಲ್ಲ. ರಾಟಲ್‌ಸ್ನೇಕ್ ಹತ್ತಿರ ಹೋದರೆ ಗಿಲಕಿ ಆಡಿಸುತ್ತದೆ ಅಲ್ವಾ? ಅದಕ್ಕೇನು ಹುಷಾರಿರಲಿಲ್ವಾ?

ಉತ್ತರ (ಹಾವುಗಳ ಸಂಶೋಧಕ): ಹುಷಾರಾಗಿಯೇ ಇತ್ತು, ಅದಕ್ಕೇ ಸುಮ್ಮನಿತ್ತು. ನಿಮ್ಮ ಫೋಟೊದಲ್ಲಿರುವುದು ಸ್ಪೆಕಲ್ಡ್ ರಾಟಲ್‌ಸ್ನೇಕ್. ಮೈ ತುಂಬಾ ಉಪ್ಪು-ಮೆಣಸು ಎರಚಿದ ಹಾಗೆ ಚುಕ್ಕಿ, ಬಾಲದಲ್ಲಿ ಕಪ್ಪು-ಬಿಳಿ ಪಟ್ಟೆ. ಯಾವ ಬೆಟ್ಟದಲ್ಲಿ ಇರುತ್ತದೋ ಆ ಬೆಟ್ಟದ ಕಲ್ಲಿನ ಬಣ್ಣವೇ ಇದಕ್ಕೆ. ಬೂದು ಕಲ್ಲಿರುವಲ್ಲಿ ಬೂದು, ಕೆಂಪು ಕಲ್ಲಿರುವಲ್ಲಿ ಕೆಂಪು. ಹುರುಪೆಗಳ ಮೇಲೆ ಸಣ್ಣ ಏಣು ಇರುವುದರಿಂದ ಬಿಸಿಲು ಬಿದ್ದರೂ ಮೈ ಹೊಳೆಯುವುದಿಲ್ಲ.

ನೀವು ನೋಡದೇ ಹೋಗುವುದೇ ಅದಕ್ಕೆ ಬೇಕಾದದ್ದು. ಗಿಲಕಿ ಕೊನೆಯ ಉಪಾಯ. ಸದ್ದು ಮಾಡಿದರೆ ತಾನೆಲ್ಲಿದ್ದೇನೆ ಅಂತ ಗಿಡುಗಕ್ಕೂ ಗೊತ್ತು, ತಾನು ಹಿಡಿಯಲು ಕಾದು ಕೂತ ಇಲಿಗೂ ಗೊತ್ತು. ನಾವು ಕೆಲವು ಹಾವುಗಳ ಮೈಯೊಳಗೆ ರೇಡಿಯೊ ಟ್ರಾನ್ಸ್‌ಮಿಟರ್ ಇಟ್ಟು ಹಿಂಬಾಲಿಸುತ್ತೇವೆ. ಆಂಟೆನಾ 'ಇಲ್ಲೇ ಇದೆ' ಅನ್ನುತ್ತದೆ, ಕಣ್ಣಿಗೆ ಬರೀ ಕಲ್ಲು. ಒಮ್ಮೆ ಹತ್ತು ನಿಮಿಷ ಹುಡುಕಿದೆ. ಕೊನೆಗೆ ನೋಡಿದರೆ ನಾನು ಬ್ಯಾಗ್ ಇಟ್ಟಿದ್ದ ಕಲ್ಲಿನ ಬುಡದಲ್ಲೇ ಇತ್ತು. ಅಷ್ಟು ಹೊತ್ತೂ ಒಂದು ಸಲವೂ ಗಿಲಕಿ ಆಡಿಸಲಿಲ್ಲ.

ಪ್ರಶ್ನೆ: ಊರಲ್ಲಿ ರಾತ್ರಿ ಗದ್ದೆಗೆ ಹೋಗುವಾಗ ಕೋಲು ಕುಟ್ಟಿಕೊಂಡು ನಡೀತೀವಿ. ಇಲ್ಲೂ ಹಾಗೇ ಮಾಡಿದರೆ ಸಾಕು ಅಂತಾರೆ ಅಪ್ಪ.

ಉತ್ತರ: ನೆಲದ ಅದುರು ಇದಕ್ಕೂ ತಿಳಿಯುತ್ತದೆ. ಆದರೆ ಕೇರೆಹಾವಿನ ಹಾಗೆ ಸರ್ರನೆ ಓಡುವ ಜಾತಿ ಇದಲ್ಲ. ಅಪಾಯ ಅನಿಸಿದರೆ ಇನ್ನಷ್ಟು ಅಲುಗಾಡದೆ ಕೂರುತ್ತದೆ. ಮಲೆನಾಡಿನ ಗುಳಿಮಂಡಲ ನೋಡಿದವರಿಗೆ ಈ ಸ್ವಭಾವ ಗೊತ್ತಿರುತ್ತದೆ. ಎರಡೂ ಒಂದೇ ಬಳಗ, ಕಣ್ಣು ಮತ್ತು ಮೂಗಿನ ನಡುವೆ ಶಾಖ ಗುರುತಿಸುವ ಗುಳಿ ಇರುವವು. ಹಾಗಾಗಿ ಕೋಲಿಗಿಂತ ಕಣ್ಣನ್ನೇ ಜಾಸ್ತಿ ನಂಬಿ. ದಾರಿ ಬಿಟ್ಟು ಇಳಿಯಬೇಡಿ. ಬಿದ್ದ ಮರ ಸಿಕ್ಕರೆ ಒಮ್ಮೆಲೇ ದಾಟಬೇಡಿ, ಅದರ ಮೇಲೆ ಹತ್ತಿ ಆಚೆ ಬದಿ ನೋಡಿ ಇಳಿಯಿರಿ. ಕಾಣದ ಸಂದಿಗೆ ಕೈ ಹಾಕಲೇಬೇಡಿ. ಬೇಸಿಗೆಯಲ್ಲಿ ಇವು ಓಡಾಡುವುದು ರಾತ್ರಿ, ಮುಂಜಾನೆ, ಮುಸ್ಸಂಜೆ. ನಾವು ವಾಕಿಂಗ್ ಹೊರಡುವುದೂ ಅದೇ ಹೊತ್ತಿಗೆ!

ಮಧ್ಯೆ ಇನ್ನೊಬ್ಬರು: ಗಿಲಕಿಯ ಉಂಗುರ ಎಣಿಸಿದರೆ ಹಾವಿನ ವಯಸ್ಸು ಸಿಗುತ್ತಾ?

ಉತ್ತರ: ಇಲ್ಲ. ಪೊರೆ ಬಿಟ್ಟಾಗಲೆಲ್ಲ ಒಂದು ಉಂಗುರ ಸೇರುತ್ತದೆ, ವರ್ಷಕ್ಕೆ ಎರಡು ಮೂರೂ ಆಗಬಹುದು. ತುದಿಯವು ಮುರಿದೂ ಬೀಳುತ್ತವೆ. ಹುಟ್ಟಿದ ಮರಿಯ ಬಾಲದ ತುದಿಯಲ್ಲಿ ಅಂಗಿಯ ಗುಂಡಿಯಂಥದ್ದು ಬರೀ ಒಂದು, ಅದು ಆಡಿಸಿದರೂ ಸದ್ದು ಬಾರದು. ವಿಷ ಮಾತ್ರ ಅಂದಿನಿಂದಲೇ ಇದೆ.

ಇನ್ನು ಸದ್ದು ಕೇಳಿಸಿತು ಅಂದುಕೊಳ್ಳಿ. ನೀವು ಹತ್ತಿರವಾದ ಹಾಗೆ ಗಿಲಕಿ ಅಲುಗುವ ವೇಗ ಸೆಕೆಂಡಿಗೆ ಸುಮಾರು 40 ಸಲದವರೆಗೆ ಮೆಲ್ಲಗೆ ಏರಿ, ಆಮೇಲೆ ದಿಢೀರನೆ 60ರಿಂದ 100ಕ್ಕೆ ಹಾರುತ್ತದೆ. ಇದರಿಂದ ಹಾವು ಇರುವುದಕ್ಕಿಂತ ಹತ್ತಿರ ಇದೆ ಅಂತ ಮನುಷ್ಯರಿಗೆ ಅನಿಸುತ್ತದೆ ಎಂದು 2021ರ ಒಂದು ಅಧ್ಯಯನ ತೋರಿಸಿತು. ಆಗ ಎಗರಬೇಡಿ. ನಿಂತು, ಎಲ್ಲಿದೆ ಅಂತ ಕಣ್ಣಲ್ಲಿ ಹುಡುಕಿ, ಆಮೇಲೆ ಹಿಂದೆ ಸರಿಯಿರಿ. ಸಾಮಾನ್ಯವಾಗಿ ಅದು ಎಗರಿ ಕಚ್ಚುವುದು ತನ್ನ ಉದ್ದದ ಅರ್ಧದಷ್ಟು ದೂರಕ್ಕೆ. ಆರು ಅಡಿ ದೂರ ಉಳಿದರೆ ಧಾರಾಳ.

ಪ್ರಶ್ನೆ: ಕಚ್ಚಿಯೇಬಿಟ್ಟರೆ? ಬಟ್ಟೆ ಬಿಗಿಯಾಗಿ ಕಟ್ಟಬೇಕಾ? ಊರಿಂದ ಇಂಜೆಕ್ಷನ್ ತರಿಸಿಟ್ಟುಕೊಳ್ಳಲಾ?

ಉತ್ತರ: ಎರಡೂ ಬೇಡ. ಭಾರತದ ಔಷಧಿ ತಯಾರಾಗುವುದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲಗಳ ವಿಷದಿಂದ. ಇಲ್ಲಿನದಕ್ಕೆ ಆಗುವುದಿಲ್ಲ. ಬಿಗಿಯಾಗಿ ಕಟ್ಟಿದರೆ ವಿಷ ಒಂದೇ ಕಡೆ ನಿಂತು ಮಾಂಸ ಇನ್ನಷ್ಟು ಕೊಳೆಯುತ್ತದೆ. ಕೊಯ್ಯುವುದು, ಚೀಪುವುದು, ಐಸ್ ಇಡುವುದು ಯಾವುದೂ ಬೇಡ. ಉಂಗುರ, ವಾಚು ಬಿಚ್ಚಿ, ಊತ ಬರುತ್ತದೆ. 911ಕ್ಕೆ ಕರೆ ಮಾಡಿ. ಹಾವನ್ನು ಹಿಡಿಯಲೋ ಕೊಲ್ಲಲೋ ಹೋಗಬೇಡಿ. ಅದು ಯಾವ ಜಾತಿ ಅಂತ ಗೊತ್ತಾಗದಿದ್ದರೂ ಚಿಕಿತ್ಸೆ ನಡೆಯುತ್ತದೆ, ಇಲ್ಲಿನ ರಾಟಲ್‌ಸ್ನೇಕ್‌ಗಳಿಗೆಲ್ಲ ಒಂದೇ ಔಷಧಿ ಕೊಡುತ್ತಾರೆ. ಅಮೆರಿಕದಲ್ಲಿ ವರ್ಷಕ್ಕೆ 7ರಿಂದ 8 ಸಾವಿರ ಜನರಿಗೆ ವಿಷದ ಹಾವು ಕಚ್ಚುತ್ತದೆ, ಸಾಯುವವರು ಐದಾರು ಮಂದಿ. ಬೇಗ ಆಸ್ಪತ್ರೆ ಸೇರುವುದೇ ಕಾರಣ.

ಒಂದು ಮಾತು, ನನ್ನ ವಿಷಯಕ್ಕೆ ಸೇರಿದ್ದಲ್ಲ. ಅಪ್ಪನ ವಿಸಿಟರ್ ಇನ್ಶೂರೆನ್ಸ್ ಎಷ್ಟರದ್ದು ಅಂತ ಇವತ್ತೇ ನೋಡಿ. ಈ ಔಷಧಿಯ ಒಂದೊಂದು ಬಾಟಲಿಗೂ ಸಾವಿರಾರು ಡಾಲರ್, ಒಬ್ಬರಿಗೆ ಹಲವು ಬಾಟಲಿ ಬೇಕಾಗುತ್ತದೆ.

ಪ್ರಶ್ನೆ ಕೇಳಿದವರು: ನೋಡಿದೆ ಸರ್, ಸಾಲದು. ಅಪ್ಪನಿಗೆ ಮಾತ್ರ ಆ ಫೋಟೊಗೆ ಫ್ರೇಮ್ ಹಾಕಿಸಬೇಕಂತೆ. ಊರಲ್ಲಿ ಎಲ್ಲರಿಗೂ ಕೊಟ್ಟು 'ಹಾವು ಹುಡುಕಿ' ಅನ್ನುತ್ತಾರಂತೆ.