ಎಸ್‌ಬಿಸಿಎಲ್ ಟರ್ಮಿನಲ್‌ನಲ್ಲಿ ಓಡುತ್ತೆ, ಸ್ಲೈಮ್‌ನಲ್ಲಿ ಏಳೋದೇ ಇಲ್ಲ

ನಿಲ್‌ರಾಯ: ತಲೆ ಕೆಟ್ಟುಹೋಗಿದೆ. ಹೊಸ ಎಸ್‌ಬಿಸಿಎಲ್ (ಕಾಮನ್ ಲಿಸ್ಪ್ ಭಾಷೆಯ ಕಂಪೈಲರ್) ಹಾಕಿದ ಮೇಲೆ ಈಮ್ಯಾಕ್ಸ್ ಎಡಿಟರ್‌ನಲ್ಲಿ ಅದನ್ನು ಓಡಿಸೋ ಸ್ಲೈಮ್ ಶುರುವೇ ಆಗುತ್ತಿಲ್ಲ. ಟರ್ಮಿನಲ್‌ನಲ್ಲಿ ಎಸ್‌ಬಿಸಿಎಲ್ ಆರಾಮಾಗಿ ಓಡುತ್ತದೆ. ಸೆಟ್ಟಿಂಗ್ ಎಲ್ಲಾ ಸರಿಯಾಗೇ ಇದೆ. ಯಾರಿಗಾದರೂ ಗೊತ್ತಾ?

ಕಾನ್ಸ್‌ಪ್ರಿಯ: ಹಳೇ ಫ್ಯಾಸಲ್ (ಕಂಪೈಲ್ ಆದ ಲಿಸ್ಪ್ ಕೋಡ್) ಫೈಲ್‌ಗಳದ್ದೇ ಕಾಟ. ಹೋಮ್ ಫೋಲ್ಡರ್‌ನ ಕ್ಯಾಶ್ ಒಳಗೆ ಕಾಮನ್-ಲಿಸ್ಪ್ ಅಂತ ಇರುತ್ತದೆ, ಅಳಿಸಿಬಿಡಿ.

ನಿಲ್‌ರಾಯ: ಅಳಿಸಿದೆ. ಅದೇ ಗೋಳು.

ಕಾನ್ಸ್‌ಪ್ರಿಯ: ಪೂರ್ತಿ ಅಳಿಸಿಲ್ಲ ಅನ್ಸುತ್ತೆ. ಸ್ಲೈಮ್‌ನದ್ದೇ ಬೇರೆ ಫ್ಯಾಸಲ್ ಫೋಲ್ಡರ್ ಇದೆ, ಅದನ್ನೂ ತೆಗೆಯಿರಿ.

ಆವರಣಪ್ಪ: ಯಾವ ಓಎಸ್? ಪ್ಯಾಕೇಜಾ, ಸೋರ್ಸಾ? ಎರರ್ ಏನು? ಇದೇನೂ ಹೇಳದೆ ನಾವು ಕಣಿ ಹೇಳಬೇಕಾ?

ನಿಲ್‌ರಾಯ: ಉಬುಂಟು, ಮತ್ತಿನ್ನೇನು. ಸೋರ್ಸ್‌ನಿಂದ ಬಿಲ್ಡ್ ಮಾಡಿದ್ದು. ಇನ್‌ಫೀರಿಯರ್-ಲಿಸ್ಪ್ ಬಫರ್‌ನಲ್ಲಿ ‘ಕೋರ್ ವಾಸ್ ಬಿಲ್ಟ್ ಫಾರ್ ರನ್‌ಟೈಮ್’ ಅಂತ ಏನೋ ಬಂದು ಸಾಯುತ್ತದೆ.

ಲ್ಯಾಂಬ್ಡಾಭಟ್ಟ: ಸೋರ್ಸ್ ಯಾಕೆ ಬೇಕಿತ್ತು? ಉಬುಂಟುವಿನ ಪ್ಯಾಕೇಜ್ ಹಾಕೋ ಆಪ್ಟ್‌ನಲ್ಲೇ ಇದೆಯಲ್ಲ.

ಆವರಣಪ್ಪ: ಆಪ್ಟ್‌ನಲ್ಲಿ ಬರೋದು ಹಳೇದು ಸ್ವಾಮಿ.

ಲ್ಯಾಂಬ್ಡಾಭಟ್ಟ: ಹಳೇದಾದ್ರೂ ಏಳುತ್ತದೆ. ನಾನಂತೂ ಸ್ಟಂಪ್‌ಡಬ್ಲ್ಯುಎಂ ಹಾಕಿಕೊಂಡಿದ್ದೇನೆ, ವಿಂಡೋ ಮ್ಯಾನೇಜರ್ ಕೂಡ ಲಿಸ್ಪೇ. ಓಡುತ್ತಿರುವಾಗಲೇ ಅದರ ಕೋಡ್ ತಿದ್ದುತ್ತೇನೆ, ಲಾಗ್‌ಔಟ್ ಕೂಡ ಬೇಡ.

ಆವರಣಪ್ಪ: ಅದನ್ನ ಇಲ್ಲಿ ಕೇಳಿದವರು ಯಾರು? ನಿಲ್‌ರಾಯರೇ, ಫ್ಯಾಸಲ್ ಮಾತು ಬಿಡಿ. ಕೋರ್ (ಎಸ್‌ಬಿಸಿಎಲ್ ಏಳುವಾಗ ಮೊದಲು ಓದೋ ಲಿಸ್ಪ್ ಸಿಸ್ಟಮ್‌ನ ಫೈಲ್) ಲೋಡ್ ಆಗದೆ ಫ್ಯಾಸಲ್‌ವರೆಗೆ ಹೋಗೋದೇ ಇಲ್ಲ. ಹೊಸ ಬೈನರಿ ಹಳೇ ಎಸ್‌ಬಿಸಿಎಲ್.ಕೋರ್ ಫೈಲನ್ನು ಎತ್ತಿಕೊಳ್ಳುತ್ತಿದೆ. ಎರಡರ ಬಿಲ್ಡ್ ಗುರುತು ತಾಳೆಯಾಗದಿದ್ದರೆ ಅದು ಅಲ್ಲೇ ನಿಲ್ಲುತ್ತದೆ. ಸೋರ್ಸ್‌ನಿಂದ ಹಾಕಿದ್ದರ ಕೋರ್ ಇರೋದು /ಯುಎಸ್‌ಆರ್/ಲೋಕಲ್/ಲಿಬ್/ಎಸ್‌ಬಿಸಿಎಲ್ ಒಳಗೆ, ಆಪ್ಟ್‌ನದ್ದು /ಯುಎಸ್‌ಆರ್/ಲಿಬ್/ಎಸ್‌ಬಿಸಿಎಲ್ ಒಳಗೆ. ಈಮ್ಯಾಕ್ಸ್‌ನಲ್ಲಿ ಎಂ-ಎಕ್ಸ್ ಗೆಟ್‌ಎನ್ವ್ ಒತ್ತಿ, ಕೋರ್ ಎಲ್ಲಿ ಹುಡುಕಬೇಕು ಅಂತ ಹೇಳೋ ಎಸ್‌ಬಿಸಿಎಲ್_ಹೋಮ್ ವೇರಿಯಬಲ್ ಹೆಸರು ಕೊಡಿ. ಏನು ತೋರಿಸುತ್ತದೆ?

ನಿಲ್‌ರಾಯ: /ಯುಎಸ್‌ಆರ್/ಲಿಬ್/ಎಸ್‌ಬಿಸಿಎಲ್. ಟರ್ಮಿನಲ್‌ನಲ್ಲಿ ಎಕೋ ಮಾಡಿದ್ರೆ ಖಾಲಿ!

ಆವರಣಪ್ಪ: ಸಿಕ್ತಲ್ಲ. ಈಮ್ಯಾಕ್ಸ್‌ನ ಇನಿಟ್ ಫೈಲ್‌ನಲ್ಲಿ ಅದನ್ನ ಸೆಟ್ ಮಾಡೋ ಸೆಟ್‌ಎನ್ವ್ ಸಾಲು ಹುಡುಕಿ.

ನಿಲ್‌ರಾಯ: ಇದೆ, ಯಾವ ಕಾಲದ್ದೋ ಏನೋ. ಆ ಸಾಲು ತೆಗೆದು ಈಮ್ಯಾಕ್ಸ್ ಮತ್ತೆ ತೆರೆದೆ, ರೆಪ್ಲ್ (ಲಿಸ್ಪ್ ಪ್ರಾಂಪ್ಟ್) ಬಂತು. ಥ್ಯಾಂಕ್ಸ್ ಗುರುಗಳೇ.

ಕಾನ್ಸ್‌ಪ್ರಿಯ: ಆದರೂ ಆ ಕ್ಯಾಶ್ ಒಂದ್ಸಲ ಪೂರ್ತಿ ಅಳಿಸಿಬಿಡಿ.

ಪ್ರೋಗ್‌ಎನ್: ಲ್ಯಾಂಬ್ಡಾಭಟ್ಟರೇ, ಸ್ಟಂಪ್‌ಡಬ್ಲ್ಯುಎಂನಲ್ಲಿ ಎರಡು ಮಾನಿಟರ್ ಸರಿಯಾಗಿ ಬರುತ್ತಾ?